ಹೊಸ ಪ್ರೊಸೆಸರ್ ಹಳೇದಕ್ಕಿಂತ ನಿಧಾನವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

"ಹೊಸ್ದು ತಗಂಡ್ರೂ ಹಳೇದೇ ವಾಸಿ ಕಣಣ್ಣ." ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಕಂಪ್ಯೂಟರ್ ರಿಪೇರಿ ಮಾಡುವವರ ಕಿವಿಗೆ ಈ ಮಾತು ಆಗಾಗ ಬೀಳುತ್ತದೆ. ಹೇಳುವವರು ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರಿರಬಹುದು, ಅಕ್ಕಿ ಗಿರಣಿಯಲ್ಲಿ ಟ್ಯಾಲಿ ನೋಡಿಕೊಳ್ಳುವವರಿರಬಹುದು, ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋ ಹುಡುಗರಿರಬಹುದು. ಅವರ ಮಾತು ಸುಳ್ಳಲ್ಲ. ಕೆಲಸ ನಿಜಕ್ಕೂ ನಿಧಾನ ಆಗಿರುತ್ತದೆ. ಆದರೆ ಬಹಳ ಸಲ ಅದಕ್ಕೆ ಕಾರಣ ಪ್ರೊಸೆಸರ್ ಆಗಿರುವುದಿಲ್ಲ. ಡಿಸ್ಕು, ರ‍್ಯಾಮು, ಬಿಸಿ, ಚಾರ್ಜರ್, ಇವುಗಳಲ್ಲಿ ಯಾವುದೋ ಒಂದು ಕಾಲು ಹಿಡಿದು ಎಳೆಯುತ್ತಿರುತ್ತದೆ. ಇನ್ನು ಕೆಲವು ಸಲ ಹೊಸ ಪ್ರೊಸೆಸರ್ರೇ ಹಳೇದಕ್ಕಿಂತ ಕಡಿಮೆ ತಾಕತ್ತಿನದು. ಅದು ದೋಷವಲ್ಲ, ಕೊಳ್ಳುವಾಗಲೇ ಆದ ಎಡವಟ್ಟು.

ಕೆಳಗಿನದ್ದೆಲ್ಲ ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಿಗೆ. ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಕ್ರೂಡ್ರೈವರ್ ಆಮೇಲೆ, ಅಂಗಡಿ ಕೊನೆಗೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ರ‍್ಯಾಮ್, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಪ್ರೊಸೆಸರ್‌ಗೂ ಅದರ ಮೇಲಿನ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಮೂರನ್ನೂ ಒಂದೇ ದಿನ ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

## ಎಲ್ಲಕ್ಕಿಂತ ಮೊದಲು: ಪ್ರೊಸೆಸರ್ ಹೆಸರು ಪೂರ್ತಿ ಓದಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ಮೇಲ್ತುದಿಯಲ್ಲಿ ಪ್ರೊಸೆಸರ್ ಹೆಸರು, ಕೆಳಗೆ ಮೂಲ ವೇಗ, ಕೋರ್ (ಪ್ರೊಸೆಸರ್ ಒಳಗೆ ಬೇರೆ ಬೇರೆಯಾಗಿ ದುಡಿಯುವ ಘಟಕ) ಎಷ್ಟು, ಲಾಜಿಕಲ್ ಪ್ರೊಸೆಸರ್ (ವಿಂಡೋಸ್ ಲೆಕ್ಕಕ್ಕೆ ಸಿಗುವ ಕೆಲಸದ ಸಾಲು) ಎಷ್ಟು ಅಂತ ಇರುತ್ತದೆ. ಹಳೇ ಯಂತ್ರದ್ದೂ ಹೊಸದ್ದೂ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಈಗ ನಾನು ಜಾಸ್ತಿ ನೋಡುವ ಒಂದು ಜೋಡಿ ತೆಗೆದುಕೊಳ್ಳೋಣ. ಹಳೇ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ5-2400. ಅದು ಬಂದಿದ್ದು 2011ರಲ್ಲಿ. 4 ಕೋರ್, ಮೂಲ ವೇಗ 3.1 ಗಿಗಾಹರ್ಟ್ಸ್, ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತಿನ ಗರಿಷ್ಠ ವೇಗದಲ್ಲಿ, 3.4. ಹೊಸ ಲ್ಯಾಪ್‌ಟಾಪ್‌ನಲ್ಲಿ ಸೆಲೆರಾನ್ ಎನ್4020. ಇದು 2019ರದ್ದು. 2 ಕೋರ್, ಮೂಲ ವೇಗ 1.1, ಟರ್ಬೊದಲ್ಲಿ 2.8. ಎಂಟು ವರ್ಷ ಚಿಕ್ಕದು, ಆದರೂ ಓಟದಲ್ಲಿ ಹಿಂದೆ. ಯಾಕೆಂದರೆ ಮೊದಲನೆಯದು 95 ವ್ಯಾಟ್ ಲೆಕ್ಕದಲ್ಲಿ ಮಾಡಿದ್ದು, ಎರಡನೆಯದು 6 ವ್ಯಾಟ್. ಬ್ಯಾಟರಿ ಉಳಿಸೋಕೆ, ಬೆಲೆ ಇಳಿಸೋಕೆ ಅಂತ ಮಾಡಿದ ಚಿಪ್ಪದು. ನಿಮ್ಮ ಚೀಟಿಯಲ್ಲಿ ಇಂಥ ಜೋಡಿ ಇದ್ದರೆ ದೋಷ ಹುಡುಕುವುದನ್ನು ಇಲ್ಲಿಗೇ ನಿಲ್ಲಿಸಿ. ಯಾವ ಸೆಟ್ಟಿಂಗೂ ಅದನ್ನು ಐ5 ಮಾಡುವುದಿಲ್ಲ.

ಐ3 ಅಂದರೆ ಕಡಿಮೆ, ಐ7 ಅಂದರೆ ಜಾಸ್ತಿ ಅನ್ನುವುದು ಒಂದೇ ತಲೆಮಾರಿನೊಳಗೆ ಸುಮಾರಾಗಿ ನಿಜ, ಅಷ್ಟೇ. 2022ರ ಐ3-12100, 2011ರ ಐ7-2600ನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಎರಡರಲ್ಲೂ 4 ಕೋರ್, 8 ಲಾಜಿಕಲ್ ಪ್ರೊಸೆಸರ್. ಕೊನೆಯ ಅಕ್ಷರವನ್ನೂ ಬಿಡಬೇಡಿ. ಐ7-7500ಯು ಅನ್ನುವುದು 2 ಕೋರಿನ 15 ವ್ಯಾಟ್ ಲ್ಯಾಪ್‌ಟಾಪ್ ಚಿಪ್. ಅದೇ ಕಾಲದ ಡೆಸ್ಕ್‌ಟಾಪ್ ಐ5-7400ನಲ್ಲಿ 4 ಕೋರ್ ಇವೆ. ಹೆಸರಲ್ಲಿ ಐ7 ಇದ್ದರೂ ವಿಡಿಯೋ ಎಕ್ಸ್‌ಪೋರ್ಟ್‌ನಲ್ಲಿ ಐ5 ಗೆಲ್ಲುತ್ತದೆ.

ಎಎಮ್‌ಡಿ ಹೆಸರುಗಳಲ್ಲೂ ಇದೇ ಗೋಜಲು. ರೈಜೆನ್ 5 7520ಯು ನೋಡಿದರೆ 7000 ಸರಣಿ, ಹೊಚ್ಚಹೊಸದು ಅನ್ನಿಸುತ್ತದೆ. ಒಳಗಿರುವುದು ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. ಆ ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಿ: 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

## ಲಕ್ಷಣ: ಆನ್ ಆಗೋಕೆ, ಫೈಲ್ ತೆರೆಯೋಕೆ ಹೊತ್ತು ಹಿಡಿಯುತ್ತದೆ, ತೆರೆದ ಮೇಲೆ ಪರವಾಗಿಲ್ಲ

ಇದು ಡಿಸ್ಕ್‌ನ ಲಕ್ಷಣ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್, ಸಿಪಿಯು ಹತ್ತೋ ಹದಿನೈದೋ ಅಂತಿದ್ದರೆ ಪ್ರೊಸೆಸರ್ ಸುಮ್ನೆ ಕಾಯುತ್ತಾ ಕೂತಿದೆ ಅಂತ ಅರ್ಥ. ಅದೇ ಪುಟದಲ್ಲಿ ಡಿಸ್ಕ್ ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ಅಂತಲೂ ಬರೆದಿರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಸಾಟಾ ಎಸ್‌ಎಸ್‌ಡಿ 500ರ ಆಸುಪಾಸು, ಎನ್‌ವಿಎಮ್‌ಇ ಅನ್ನುವ ಇನ್ನೂ ವೇಗದ ಎಸ್‌ಎಸ್‌ಡಿ ಆದರೆ ಸಾವಿರಗಳ ಲೆಕ್ಕ. ಚಿಕ್ಕ ಚಿಕ್ಕ ಫೈಲ್‌ಗಳಲ್ಲಿ ಈ ಅಂತರ ಇನ್ನೂ ದೊಡ್ಡದು, ವಿಂಡೋಸ್ ಆನ್ ಆಗುವುದು ಅಂಥ ಫೈಲ್‌ಗಳಿಂದಲೇ. ಹಳೇ ಐ5ಗೆ ಯಾರೋ ಎಸ್‌ಎಸ್‌ಡಿ ಹಾಕಿಕೊಟ್ಟಿದ್ದು, ಹೊಸದರಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಹಳೇದೇ ಗೆಲ್ಲುವುದರಲ್ಲಿ ಆಶ್ಚರ್ಯ ಏನಿದೆ?

ಹೊಸ ಯಂತ್ರ ಬಂದು ಎರಡು ಮೂರು ದಿನ ಆಗಿದ್ದರೆ ಸ್ವಲ್ಪ ತಡೆಯಿರಿ. ಅಪ್‌ಡೇಟ್ ಇಳಿಯುತ್ತಿರುತ್ತದೆ, ಹುಡುಕಾಟಕ್ಕೆ ಫೈಲ್‌ಗಳ ಪಟ್ಟಿ ಆಗುತ್ತಿರುತ್ತದೆ, ಆಂಟಿವೈರಸ್ ಮೊದಲ ಸುತ್ತು ಹೊಡೆಯುತ್ತಿರುತ್ತದೆ. ಒಂದು ರಾತ್ರಿ ಆನ್ ಮಾಡಿ ಬಿಟ್ಟರೆ ಮುಗಿಯುವ ಕೆಲಸ. ಜೊತೆಗೇ ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಉಚಿತವಾಗಿ ಬಂದಿದ್ದು, ವಾಯಿದೆ ಮುಗಿದಿದ್ದು ಯಾವುದೋ ಅದು.

ನಿಲ್ಲಿಸಬೇಕಾದ ಜಾಗ: ಹಾರ್ಡ್ ಡಿಸ್ಕ್ ಕಟ್ ಕಟ್ ಅಂತ ಸದ್ದು ಮಾಡಿದರೆ, ಅಥವಾ ಫೈಲ್ ತೆರೆಯುವಾಗ ಅಲ್ಲಲ್ಲೇ ಸಿಕ್ಕಿಹಾಕಿಕೊಂಡರೆ ವೇಗದ ಮಾತು ಬಿಡಿ. ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ನಕಲು ಮಾಡಿ. ಅಂಥ ಡಿಸ್ಕ್ ಮೇಲೆ ರಿಪೇರಿ ತಂತ್ರಾಂಶ ಓಡಿಸಬೇಡಿ. ಇನ್ನೊಂದು ದಿನ ಉಳಿಯುತ್ತಿದ್ದ ಡಿಸ್ಕ್ ಅವತ್ತೇ ಹೋಗಬಹುದು.

## ಲಕ್ಷಣ: ನಾಲ್ಕು ಟ್ಯಾಬ್ ತೆರೆದರೆ ಸ್ತಬ್ಧ

ರ‍್ಯಾಮ್ ನೋಡಿ. ಮೆಮೊರಿ 85, 90 ಪರ್ಸೆಂಟ್ ದಾಟಿದರೆ ವಿಂಡೋಸ್ ಉಳಿದದ್ದನ್ನು ಡಿಸ್ಕ್‌ಗೆ ತಳ್ಳಿ, ಬೇಕಾದಾಗ ಮತ್ತೆ ತರುತ್ತದೆ. ಈ ಓಡಾಟವೇ ನಿಮಗೆ ಹ್ಯಾಂಗ್ ಆಗಿ ಕಾಣುವುದು. ಇವತ್ತಿನ ಮಟ್ಟಿಗೆ ವಿಂಡೋಸ್ 11ಕ್ಕೆ 4 ಜಿಬಿ ಅಂದರೆ ಹೆಸರಿಗೆ ಮಾತ್ರ. 8 ಜಿಬಿಯಲ್ಲಿ ಟ್ಯಾಲಿ, ಬ್ರೌಸರ್, ಕನ್ನಡ ಟೈಪಿಂಗ್‌ನ ನುಡಿ ನಡೆಯುತ್ತವೆ. ಫೋಟೋ, ವಿಡಿಯೋ ಕೆಲಸ ಇದ್ದರೆ 16.

ಅದೇ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಅಂತಲೂ ಇರುತ್ತದೆ. ಎರಡರಲ್ಲಿ ಒಂದು ಅಂತಿದ್ದರೆ ಅರ್ಧ ದಾರಿ ಮುಚ್ಚಿದೆ. ಡಿಡಿಆರ್4-3200 ಅನ್ನುವ ಬಗೆಯ ಒಂದು ರ‍್ಯಾಮ್ ಕಡ್ಡಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ ಕೂತರೆ ಅದರ ಎರಡರಷ್ಟು. ಟೈಪಿಂಗ್ ಮಾಡುವವರಿಗೆ ಇದರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ, ಎಡಿಟಿಂಗ್ ಮಾಡುವವರಿಗೆ ಚೆನ್ನಾಗೇ ಗೊತ್ತಾಗುತ್ತದೆ, ಏಕೆಂದರೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಹಂಚಿಕೊಳ್ಳುತ್ತದೆ.

ಕೊಳ್ಳುವ ಮುಂಚೆ ಎರಡು ಮಾತು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹಾಕಿಸೋಕೆ ಜಾಗವೇ ಇರುವುದಿಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಕಚ್ಚು ಬೇರೆ ಬೇರೆ ಕಡೆ ಇದೆ, ಒತ್ತಿ ಕೂರಿಸಲು ಹೋಗಬೇಡಿ.

## ಲಕ್ಷಣ: ಮೊದಮೊದಲು ಜೋರು, ಸ್ವಲ್ಪ ಹೊತ್ತಿಗೆ ಸುಸ್ತು

ವಿಡಿಯೋ ಎಕ್ಸ್‌ಪೋರ್ಟ್ ಶುರುವಾದಾಗ ಸರಸರ ಓಡುತ್ತದೆ. ಕಾಲು ಭಾಗ ಮುಗಿಯೋ ಹೊತ್ತಿಗೆ ಉಳಿದ ಸಮಯ ಕಮ್ಮಿಯಾಗುವ ಬದಲು ಏರುತ್ತಾ ಹೋಗುತ್ತದೆ. ಸ್ಟುಡಿಯೋದವರಿಗೆ ಈ ನೋವು ಗೊತ್ತು.

ಇದಕ್ಕೆ ಎರಡು ಕಾರಣ ಇರಬಹುದು. ನೋಡೋಕೆ ಎರಡೂ ಒಂದೇ ಥರ. ಬೇರೆ ಮಾಡೋಕೆ ಬಿಸಿ ಅಳೆಯಬೇಕು. ಎಚ್‌ಡಬ್ಲ್ಯೂ ಇನ್ಫೋ ಥರದ ಉಚಿತ ತಂತ್ರಾಂಶ ಹಾಕಿ ಪ್ರೊಸೆಸರ್‌ನ ಬಿಸಿ ನೋಡುತ್ತಾ, ಜೊತೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ ನೋಡುತ್ತಾ ಎಕ್ಸ್‌ಪೋರ್ಟ್ ಓಡಿಸಿ.

ಬಿಸಿ 95, 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ವೇಗ ಕುಸಿದರೆ ಅದು ಬಿಸಿಯ ಕಾಟ. ಪ್ರೊಸೆಸರ್ ತಾನು ಸುಟ್ಟುಹೋಗದ ಹಾಗೆ ತಾನೇ ವೇಗ ಇಳಿಸಿಕೊಳ್ಳುತ್ತಿದೆ. ಬಿಸಿ 70, 75ರಲ್ಲೇ ಇದ್ದು ವೇಗ ಕುಸಿದರೆ ಅದು ವಿದ್ಯುತ್ ಮಿತಿ. ಹೊಸ ಪ್ರೊಸೆಸರ್‌ಗಳಿಗೆ ಎರಡು ಮಿತಿ ಇರುತ್ತವೆ. ಐ3-12100ಗೆ ಮೂಲ ಮಿತಿ 60 ವ್ಯಾಟ್, ಟರ್ಬೊ ಮಿತಿ 89. ತೆಳು ಲ್ಯಾಪ್‌ಟಾಪ್‌ನಲ್ಲಿ ಮೂಲ ಮಿತಿ 15 ವ್ಯಾಟ್ ಇದ್ದರೆ ಸ್ವಲ್ಪ ಹೊತ್ತು ಅದರ ಎರಡು ಮೂರು ಪಟ್ಟು ಎಳೆದುಕೊಂಡು, ಆಮೇಲೆ 15ಕ್ಕೆ ಇಳಿಯುತ್ತದೆ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಗಿಗಾಹರ್ಟ್ಸ್ ಆ ಮೊದಲ ಸ್ವಲ್ಪ ಹೊತ್ತಿನದು. ಇದನ್ನು ದೋಷ ಅನ್ನೋಕಾಗಲ್ಲ. ಲ್ಯಾಪ್‌ಟಾಪ್‌ನಲ್ಲಿ ದಿನವಿಡೀ ಎಕ್ಸ್‌ಪೋರ್ಟ್ ಮಾಡುವವರು ಆ ದುಡ್ಡಿಗೆ ಡೆಸ್ಕ್‌ಟಾಪ್ ತೆಗೆದುಕೊಳ್ಳುವುದು ಸರಿ ಅನ್ನುವುದು ನನ್ನ ಅಭಿಪ್ರಾಯ.

ಬಿಸಿಯೇ ಕಾರಣವಾದರೆ ಸುಲಭದ್ದು ಮೊದಲು. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಂದ ಎತ್ತಿ ಮೇಜಿನ ಮೇಲಿಡಿ. ಡೆಸ್ಕ್‌ಟಾಪ್ ಗೋಡೆಗೆ ಅಂಟಿಕೊಂಡಿದ್ದರೆ ಮುಂದಕ್ಕೆಳೆಯಿರಿ. ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ ಇದ್ದಾಗ ಶೀಟ್ ಹಾಕಿದ ಅಂಗಡಿಯೊಳಗೆ ಇನ್ನೂ ಜಾಸ್ತಿ ಇರುತ್ತದೆ. ಜನವರಿಯಲ್ಲಿ ಸರಿಯಾಗಿದ್ದ ಯಂತ್ರ ಆಗ ಕೈಕೊಡುವುದು ಸಹಜ.

ಆಮೇಲೆ ಧೂಳು. ಆಲೆಮನೆ ಹತ್ತಿರದ ಅಂಗಡಿಗಳಲ್ಲಿ ಹೊಗೆಯ ಮಸಿ ಧೂಳಿನ ಜೊತೆ ಸೇರಿ ಬಿಸಿ ಹೊರಹಾಕುವ ಹೀಟ್‌ಸಿಂಕ್ ಮೇಲೆ ಅಂಟಂಟಾಗಿ ಕೂತಿರುತ್ತದೆ. ಪೇಟೆಯಲ್ಲಾದರೆ ಕಂಪ್ಯೂಟರ್ ಪಕ್ಕದಲ್ಲೇ ದೇವರ ಫೋಟೋ, ಮುಂದೆ ಊದಿನಕಡ್ಡಿ. ದೇವರಿಗೆ ಬೇಡ ಅನ್ನುತ್ತಿಲ್ಲ, ಕಡ್ಡಿಯನ್ನು ನಾಲ್ಕು ಅಡಿ ಆಚೆ ಇಡಿ. ಧೂಳು ತೆಗೆಯುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಹಿಡಿದು, ಆಮೇಲೆ ಮುಚ್ಚಳ ಬಿಚ್ಚಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡವೇ ಬೇಡ.

ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಕೂಲರ್ ಸರಿಯಾಗಿ ಕೂತಿದೆಯೇ ನೋಡಿ. ಅಪ್‌ಗ್ರೇಡ್ ಮಾಡಿಸಿದವರಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ: ದುಡ್ಡು ಉಳಿಸೋಕೆ ಹಳೇ ಕೂಲರನ್ನೇ ಹೊಸ ಬೋರ್ಡ್ ಮೇಲೆ ಕೂರಿಸಿರುತ್ತಾರೆ. ಐ5-2400 ಕಾಲದ ಬೋರ್ಡ್‌ನಲ್ಲಿ ಕೂಲರ್ ತೂತುಗಳ ನಡುವೆ 75 ಮಿಲಿಮೀಟರ್ ಅಂತರ. 12ನೇ ತಲೆಮಾರಿನ ಬೋರ್ಡ್‌ನಲ್ಲಿ 78. ಜಗ್ಗಿ ಕೂರಿಸಿದರೆ ಕೂತಂತೆ ಕಾಣುತ್ತದೆ, ಒಂದು ಮೂಲೆ ಮೇಲೆದ್ದಿರುತ್ತದೆ. ಆನ್ ಮಾಡಿದ ಒಂದೆರಡು ನಿಮಿಷದಲ್ಲೇ 90 ಡಿಗ್ರಿ ದಾಟುವುದು ಇದರ ಗುರುತು.

ಥರ್ಮಲ್ ಪೇಸ್ಟ್ ಕೊನೆಗೆ. ಹಳೇದು ಒಣಗಿದ್ದರೆ ಒರೆಸಿ, ಚಿಕ್ಕದೊಂದು ಹನಿ ಸಾಕು. ಎಎಮ್‌ಡಿಯ ಎಎಮ್4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಯಂತ್ರವಾದರೆ ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ರೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಸ್ವಲ್ಪ ಹೊತ್ತು ಯಂತ್ರ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿ. ಲ್ಯಾಪ್‌ಟಾಪ್ ಬಿಚ್ಚಿ ರೂಢಿಯಿಲ್ಲದವರು ಪೇಸ್ಟ್ ಕೆಲಸವನ್ನು ಅಂಗಡಿಗೇ ಬಿಡಿ. ಒಳಗಿನ ಪಟ್ಟಿ ಕೇಬಲ್ ಒಂದು ಹರಿದರೆ ಪೇಸ್ಟ್‌ಗಿಂತ ಹತ್ತು ಪಟ್ಟು ಖರ್ಚು.

## ಲಕ್ಷಣ: ಏನು ಮಾಡಿದರೂ ವೇಗ 0.4 ಅಥವಾ 0.8 ಗಿಗಾಹರ್ಟ್ಸ್ ಬಿಟ್ಟು ಏಳುವುದಿಲ್ಲ

ಲ್ಯಾಪ್‌ಟಾಪ್‌ನಲ್ಲಿ ಇದು ಕಂಡರೆ ನನ್ನ ಮೊದಲ ಅನುಮಾನ ಚಾರ್ಜರ್ ಮೇಲೆ. ಕೆಲವು ಕಂಪನಿಗಳ ಲ್ಯಾಪ್‌ಟಾಪ್ ತನ್ನ ಚಾರ್ಜರನ್ನು ಗುರುತು ಹಿಡಿಯುತ್ತದೆ. ಗುರುತು ಸಿಗದಿದ್ದರೆ, ಅಥವಾ 65 ವ್ಯಾಟ್ ಬೇಕಾದ ಕಡೆ 45ರದ್ದು ಸಿಕ್ಕಿಸಿದ್ದರೆ ಪ್ರೊಸೆಸರ್‌ಗೆ ಲಗಾಮು ಹಾಕಿಬಿಡುತ್ತದೆ. ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ವೇಗ ಏರಿದರೆ ಕಳ್ಳ ಸಿಕ್ಕಿದ. ಅಸಲಿ ಚಾರ್ಜರ್ ಯಾರದ್ದಾದರೂ ಎರವಲು ತಂದು ನೋಡಿದ ಮೇಲೆ ಹೊಸದು ಕೊಳ್ಳಿ.

ಅದಲ್ಲದಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಪವರ್‌ಗೆ ಹೋಗಿ ಪವರ್ ಮೋಡ್ ನೋಡಿ. ಉಳಿತಾಯದಲ್ಲಿ ಇದ್ದರೆ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಬದಲಾಯಿಸಿ. ಸುಮ್ಮನೆ ಕೂತಿರುವಾಗ ವೇಗ ಕಡಿಮೆ ತೋರಿಸಿದರೆ ಗಾಬರಿ ಬೇಡ, ಅದು ಸರಿಯಾದದ್ದೇ. ಕೆಲಸ ಕೊಟ್ಟಾಗಲೂ ಏಳದಿದ್ದರೆ ಮಾತ್ರ ತೊಂದರೆ.

ಇಲ್ಲೊಂದು ಎಚ್ಚರಿಕೆ. ಟಚ್‌ಪ್ಯಾಡ್ ಮೇಲೆದ್ದಿದೆಯೇ? ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲವೇ? ತಳ ಉಬ್ಬಿದೆಯೇ? ಬ್ಯಾಟರಿ ಊದಿಕೊಂಡಿದೆ. ಆಗಿಂದಾಗಲೇ ಆಫ್ ಮಾಡಿ, ಚಾರ್ಜರ್ ಕಿತ್ತಿಡಿ. ಒತ್ತುವುದು, ಚುಚ್ಚುವುದು, ಕಸದ ತೊಟ್ಟಿಗೆ ಎಸೆಯುವುದು ಯಾವುದೂ ಬೇಡ, ಬೆಂಕಿ ಹೊತ್ತಿಕೊಳ್ಳುತ್ತದೆ. ಮುಂದಿನ ಯಾವ ಪರೀಕ್ಷೆಯೂ ಬೇಡ, ನೇರ ಅಂಗಡಿಗೆ.

## ಲಕ್ಷಣ: ಸಿಪಿಯು 12 ಅಥವಾ 25 ಪರ್ಸೆಂಟ್ ಮಾತ್ರ, ಆದರೂ ಕೆಲಸ ಸಾಗದು

"ಮುಕ್ಕಾಲು ಭಾಗ ಖಾಲಿ ಇದೆಯಲ್ಲಾ ಸಾರ್, ಮತ್ಯಾಕೆ ಕಾಯಬೇಕು?" ನ್ಯಾಯವಾದ ಪ್ರಶ್ನೆ. ಲೆಕ್ಕ ನೋಡಿ. 4 ಕೋರಿನ ಐ5-2400ನಲ್ಲಿ ಒಂದು ಕೋರ್ ಪೂರ್ತಿ ದುಡಿದರೆ ಒಟ್ಟು 25 ಪರ್ಸೆಂಟ್. 8 ಲಾಜಿಕಲ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಅದೇ ಕೆಲಸ 12.5. ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಹಾಗೆ ಬದಲಾಯಿಸಿ. ಒಂದು ಮಾತ್ರ ತುದಿಗೇರಿ ಉಳಿದವು ಮಲಗಿದ್ದರೆ ನಿಮ್ಮ ತಂತ್ರಾಂಶಕ್ಕೆ ಒಂದೇ ಕೋರ್ ಬಳಸಲು ಬರುತ್ತದೆ ಅಂತ ತಿಳಿಯಿರಿ. ಕೆಲವು ಸಲ ಆ ಒಂದೇ ಕೆಲಸ ಕೋರ್‌ನಿಂದ ಕೋರ್‌ಗೆ ನೆಗೆಯುತ್ತಾ ಎಲ್ಲ ಗ್ರಾಫ್‌ನಲ್ಲೂ ಸ್ವಲ್ಪ ಸ್ವಲ್ಪ ಕಾಣುತ್ತದೆ. ಆಗ ಒಟ್ಟು ಮೊತ್ತ 12ರ ಸುತ್ತಲೇ ನಿಂತಿದೆಯಾ ನೋಡಿ. ಕಬ್ಬು ಕಡಿಯೋಕೆ ಎಂಟು ಆಳು ಕರೆಸಿ ಮಚ್ಚು ಒಂದೇ ಕೊಟ್ಟ ಹಾಗೆ.

ನಮ್ಮ ಕಡೆ ಡಿಟಿಪಿಯವರಿಗೆ ಇದು ನೇರವಾಗಿ ತಟ್ಟುತ್ತದೆ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಸಾಮಾನ್ಯ ಡೆಸ್ಕ್‌ಟಾಪ್‌ಗೆ ಎರಡು ಕೋರಿನ ಪ್ರೊಸೆಸರ್ ಬಂದಿದ್ದೇ 2005ರಲ್ಲಿ. ಹಾಗಾಗಿ ಪೇಜ್‌ಮೇಕರ್‌ಗೆ 6 ಕೋರ್ ಕೊಟ್ಟರೂ 16 ಕೋರ್ ಕೊಟ್ಟರೂ ಒಂದೇ. ಇಂಥ ಕೆಲಸಕ್ಕೆ ಪ್ರೊಸೆಸರ್ ಆರಿಸುವಾಗ ಕೋರ್ ಎಣಿಸಬೇಡಿ, ಒಂದು ಕೋರ್ ಎಷ್ಟು ಚುರುಕು ಅಂತ ನೋಡಿ.

ಚುರುಕು ಅಂದರೆ ಬರೀ ಗಿಗಾಹರ್ಟ್ಸ್ ಅಲ್ಲ. ಐ5-2400ನ ಟರ್ಬೊ 3.4, ಐ3-12100ನ ಟರ್ಬೊ 4.3. ಅಂದರೆ ಕಾಲು ಭಾಗ ಮಾತ್ರ ಜಾಸ್ತಿ. ಆದರೆ ಒಂದೇ ಕೋರಿನ ಕೆಲಸದಲ್ಲಿ ಹೊಸದು ಸುಮಾರು ಎರಡು ಪಟ್ಟು ಮುಂದೆ ಹೋಗುತ್ತದೆ. ಉಳಿದ ಲಾಭ ಎಲ್ಲಿಂದ ಬಂತು? ಗಡಿಯಾರದ ಪ್ರತಿ ಮಿಡಿತಕ್ಕೂ ಹೊಸ ಕೋರ್ ಜಾಸ್ತಿ ಸೂಚನೆ ಮುಗಿಸುತ್ತದೆ, ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿ) ದೊಡ್ಡದು, ಮುಂದೆ ಏನು ಬರಬಹುದು ಅಂತ ಊಹಿಸುವುದರಲ್ಲೂ ಪಳಗಿದೆ. ಹಾಗಾಗಿ ಎರಡು ತಲೆಮಾರಿನ ಗಿಗಾಹರ್ಟ್ಸ್ ಪಕ್ಕಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ.

2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಅನ್ನುವ ಭದ್ರತಾ ಲೋಪಗಳು ಹೊರಬಿದ್ದವು. ಅವಕ್ಕೆ ಹಾಕಿದ ತೇಪೆಯಿಂದ ಹಳೇ ತಲೆಮಾರಿನ ಪ್ರೊಸೆಸರ್‌ಗಳ ವೇಗ ಸ್ವಲ್ಪ ತಗ್ಗಿತು. "ಮೊದಲು ಚೆನ್ನಾಗಿತ್ತು" ಅನ್ನುವವರ ಮಾತಲ್ಲಿ ಅಷ್ಟರಮಟ್ಟಿಗೆ ನಿಜ ಇದೆ. ಹಾಗಂತ ತೇಪೆ ಕಿತ್ತುಹಾಕುವ ಉಪಾಯ ಯಾರಾದರೂ ಹೇಳಿಕೊಟ್ಟರೆ, ಬ್ಯಾಂಕ್ ಕೆಲಸ ಮಾಡುವ ಯಂತ್ರದಲ್ಲಿ ಅದನ್ನು ಮಾಡಬೇಡಿ.

## ಲಕ್ಷಣ: ಯೂಟ್ಯೂಬ್ ಎಚ್‌ಡಿ ಹಾಕಿದರೆ ತಡವರಿಕೆ, ಫ್ಯಾನ್ ಕೂಗಾಟ

ಇಲ್ಲಿ ಸೆಲೆರಾನ್ ಗೆಲ್ಲಬಹುದು, ನೋಡಿ ತಮಾಷೆ. ಯೂಟ್ಯೂಬ್ ಬಹಳಷ್ಟು ವಿಡಿಯೋಗಳನ್ನು ವಿಪಿ9, ಎವಿ1 ಅನ್ನುವ ರೂಪದಲ್ಲಿ ಕಳಿಸುತ್ತದೆ. 2011ರ ಐ5ಗೆ ಎಚ್.264 ಬಿಡಿಸುವ ಯಂತ್ರಾಂಶ ಇದೆ, ವಿಪಿ9ಗೆ ಇಲ್ಲ. ಹಾಗಾಗಿ ಪ್ರೊಸೆಸರ್ ಕೋರ್‌ಗಳೇ ಬೆವರು ಸುರಿಸಬೇಕು. ಎನ್4020ನಲ್ಲಿ ವಿಪಿ9ಗೆ ಬೇರೆ ಯಂತ್ರಾಂಶ ಇದೆ. ಇಂಟೆಲ್ ಕೋರ್ ಸಾಲಿನಲ್ಲಿ ಎವಿ1 ಬಿಡಿಸುವ ಶಕ್ತಿ 11ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳಿಂದ ಶುರು.

ಹೊಸ ಯಂತ್ರದಲ್ಲೂ ತಡವರಿಸಿದರೆ ಮೊದಲು ನೆಟ್ ವೇಗ ನೋಡಿ. ಆಮೇಲೆ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆನ್ ಇದೆಯಾ, ಗ್ರಾಫಿಕ್ಸ್ ಡ್ರೈವರ್ ಹಾಕಿದ್ದಾರಾ ನೋಡಿ. ವಿಂಡೋಸ್ ಹೊಸದಾಗಿ ಹಾಕಿಸಿದವರಲ್ಲಿ ಡ್ರೈವರ್ ಬಿಟ್ಟುಹೋಗಿರುವುದೇ ಜಾಸ್ತಿ.

## ಲಕ್ಷಣ: ಪರದೆ ಖಾಲಿ, ಅಥವಾ ಕೆಲಸದ ಮಧ್ಯೆ ತಾನೇ ರೀಸ್ಟಾರ್ಟ್

ಹೊಸ ಪ್ರೊಸೆಸರ್ ಹಾಕಿಸಿದ ತಕ್ಷಣ ಪರದೆ ಬರದಿದ್ದರೆ ಹೆಸರಿನ ಕೊನೆಯಲ್ಲಿ ಎಫ್ ಇದೆಯಾ ನೋಡಿ. ಐ3-12100ಎಫ್ ಥರದ ಇಂಟೆಲ್ ಚಿಪ್‌ಗಳೊಳಗೆ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಬೋರ್ಡಿನ ಎಚ್‌ಡಿಎಮ್‌ಐಗೆ ಕೇಬಲ್ ಸಿಕ್ಕಿಸಿ ರಾತ್ರಿಯೆಲ್ಲಾ ಕೂತರೂ ಏನೂ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕು. ಎಫ್ ಇಲ್ಲದಿದ್ದರೆ ರ‍್ಯಾಮ್ ಕಿತ್ತು ಮತ್ತೆ ಕೂರಿಸಿ. ಪ್ರೊಸೆಸರ್ ಹತ್ತಿರದ 8 ಪಿನ್ ಪವರ್ ಕನೆಕ್ಟರ್ ಸಿಕ್ಕಿಸಿದ್ದಾರಾ ನೋಡಿ. ಇದನ್ನು ಮರೆಯುವವರು ಬಹಳ. ಅದೂ ಆದಮೇಲೆ ಬೋರ್ಡಿನ ಬಯಾಸ್ (ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಹಳೇದಿದ್ದು ಹೊಸ ಪ್ರೊಸೆಸರನ್ನು ಗುರುತಿಸದೆ ಇರಬಹುದು. ಬಯಾಸ್ ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೆಲಸ ನಿಲ್ಲಿಸಬಹುದು. ಸೆಸ್ಕ್ ಕರೆಂಟ್ ಮೇಲೆ ಎಷ್ಟೇ ನಂಬಿಕೆ ಇದ್ದರೂ ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಓಡುತ್ತಿದ್ದ ಯಂತ್ರ ಜೋರು ಕೆಲಸ ಕೊಟ್ಟಾಗ ಮಾತ್ರ ರೀಸ್ಟಾರ್ಟ್ ಆದರೆ ಹಳೇ ಎಸ್‌ಎಮ್‌ಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಡಬ್ಬಿ) ಮೇಲೆ ಅನುಮಾನ ಪಡಿ. ಕರೆಂಟ್ ಹೋದ ಕ್ಷಣದಲ್ಲೇ ಆಫ್ ಆದರೆ ಯುಪಿಎಸ್. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರಬಲ್ಲದು. ಹೊಸ ಗ್ರಾಫಿಕ್ಸ್ ಕಾರ್ಡ್ ಸೇರಿಸಿದ ಯಂತ್ರ ಅದನ್ನು ದಾಟಿರಬಹುದು. ಬ್ಯಾಟರಿ ಮುದಿಯಾಗಿದ್ದರೆ ಅಷ್ಟೂ ಬೇಕಿಲ್ಲ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಜೋರು ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ಜಾಸ್ತಿ ಹೋಗಿ ಕ್ರಮೇಣ ಹಾಳಾಗುವ ತೊಂದರೆ ಇತ್ತು. ಇಂಟೆಲ್ 2024ರಲ್ಲಿ ಅದಕ್ಕೆ ಬಯಾಸ್ ಮೂಲಕ ಬರುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆ) ತಿದ್ದುಪಡಿ ಕೊಟ್ಟಿತು, ಆ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನಿಮ್ಮದು ಐ7-13700ಕೆ, ಐ9-14900ಕೆ ಥರದ್ದಾಗಿದ್ದು ಗೇಮ್ ಅಥವಾ ಎಡಿಟಿಂಗ್ ಮಧ್ಯೆ ಮುಚ್ಚಿಕೊಳ್ಳುತ್ತಿದ್ದರೆ ಬಯಾಸ್ ಅಪ್‌ಡೇಟ್ ಮಾಡಿಸಿ. ಆಗಲೇ ಹಾಳಾಗಿದ್ದರೆ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ, ವಾರಂಟಿಯಲ್ಲಿ ಬದಲಾಯಿಸಬೇಕು.

ಎಸ್‌ಎಮ್‌ಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತದೆಯಾ? ಹಳೇ ಮನೆಗಳ ವೈರಿಂಗ್‌ನಲ್ಲಿ ಅರ್ಥಿಂಗ್ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ. ಕಂಪ್ಯೂಟರ್‌ನವರನ್ನಲ್ಲ, ಎಲೆಕ್ಟ್ರೀಷಿಯನ್ನನ್ನು ಕರೆಸಿ. ಸುಟ್ಟ ವಾಸನೆ, ಕಿಡಿ, ಹೊಗೆ ಕಂಡರೆ ಗೋಡೆಯ ಸ್ವಿಚ್ ಆಫ್ ಮಾಡಿ. ಮತ್ತೊಂದು ಸಲ ಆನ್ ಮಾಡಿ ನೋಡೋಣ ಅನ್ನುವುದು ಬೇಡ.

## ಎಲ್ಲಾ ಸರಿಯಿದೆ, ಹಾಗಾದರೆ ನಿಜವಾಗಿ ಯಾವುದು ಜೋರು?

ಮೇಲಿನ ಯಾವ ತೊಂದರೆಯೂ ಇಲ್ಲ ಅಂದಮೇಲೆ ಹೋಲಿಸಿ. ನಿಮ್ಮದೇ ಒಂದು ಕೆಲಸ ಆರಿಸಿಕೊಳ್ಳಿ: ಒಂದೇ ಪಿಡಿಎಫ್ ಮಾಡುವುದು, ಒಂದೇ ಹಾಡಿನ ಮದುವೆ ಕ್ಲಿಪ್ ಎಕ್ಸ್‌ಪೋರ್ಟ್, ಒಂದೇ ವರ್ಷದ ಲೆಕ್ಕದ ವರದಿ. ಎರಡೂ ಯಂತ್ರದಲ್ಲಿ ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ, ಬೇರೆ ತಂತ್ರಾಂಶ ಮುಚ್ಚಿರಲಿ, ಮೂರು ಸಲ ಅಳೆದು ನಡುವಿನದ್ದನ್ನು ಬರೆದುಕೊಳ್ಳಿ. ಇದರ ಜೊತೆಗೆ ಬೇಕಿದ್ದರೆ ಸಿನೆಬೆಂಚ್, ಅಥವಾ ಸೆವೆನ್ ಜಿಪ್ ಒಳಗಿರುವ ಬೆಂಚ್‌ಮಾರ್ಕ್. ಸಿನೆಬೆಂಚ್‌ನಲ್ಲಿ ಒಂದು ಕೋರಿನ ಅಂಕವೂ ಎಲ್ಲ ಕೋರಿನ ಅಂಕವೂ ಬೇರೆ ಬೇರೆ ಬರುತ್ತವೆ. ಡಿಟಿಪಿ, ಟ್ಯಾಲಿಯವರು ಮೊದಲನೆಯದನ್ನು ನೋಡಿ, ವಿಡಿಯೋದವರು ಎರಡನೆಯದನ್ನು. ಬೇರೆ ಬೇರೆ ಆವೃತ್ತಿಯ ಸಿನೆಬೆಂಚ್ ಅಂಕಗಳನ್ನು ಒಂದರ ಜೊತೆ ಒಂದು ಹೋಲಿಸಬೇಡಿ. ಅಳತೆಗೋಲೇ ಬೇರೆ.

ಇದೇ ಐ5-2400ನ್ನು 2023ರ ಎನ್100 ಚಿಪ್ ಜೊತೆ ಇಟ್ಟರೆ ಎರಡೂ ಹೆಚ್ಚುಕಡಿಮೆ ಸರಿಸಮ, ಎನ್100 ಒಂದು ಹೆಜ್ಜೆ ಮುಂದೆ. ಆದರೆ ಒಂದಕ್ಕೆ 95 ವ್ಯಾಟ್ ಲೆಕ್ಕ, ಇನ್ನೊಂದಕ್ಕೆ 6. ಹಗಲೆಲ್ಲಾ ಆನ್ ಇರುವ ಜೆರಾಕ್ಸ್ ಅಂಗಡಿಗೆ, ಗ್ರಾಮ ಒನ್ ಕೇಂದ್ರಕ್ಕೆ, ಯುಪಿಎಸ್ ಮೇಲೆ ದಿನ ತಳ್ಳುವ ಊರಿಗೆ ಇದು ವೇಗಕ್ಕಿಂತ ದೊಡ್ಡ ಲಾಭ. ವೇಗವೇ ಬೇಕು ಅನ್ನುವವರಿಗೆ ಐ3-12100 ಕೂಡ ದೊಡ್ಡ ಜಿಗಿತವೇ. ಆದರೆ ಅದಕ್ಕೆ ಬೋರ್ಡ್, ರ‍್ಯಾಮ್, ಕೂಲರ್ ಎಲ್ಲಾ ಹೊಸದು ಬೇಕು, ಹಳೇ ಬೋರ್ಡಿನ ಸಾಕೆಟ್‌ಗೆ ಅದು ಕೂರುವುದಿಲ್ಲ. ಬಜೆಟ್ ಮಾಡುವಾಗ ಬರೀ ಪ್ರೊಸೆಸರ್ ಬೆಲೆ ಕೇಳಿ ಬರಬೇಡಿ.

ಹಳೇದರ ವೇಗ ಸಾಕು ಅಂದುಕೊಂಡರೂ ಒಂದು ವಿಷಯ ಉಳಿಯುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಸುಮಾರಾಗಿ ಇಂಟೆಲ್ 8ನೇ ತಲೆಮಾರು, ರೈಜೆನ್ 2000 ಸರಣಿಯಿಂದ ಈಚಿನವು ಬೇಕು, ಜೊತೆಗೆ ಟಿಪಿಎಮ್ 2.0 ಅನ್ನುವ ಭದ್ರತಾ ವ್ಯವಸ್ಥೆ. ಐ5-2400, ಐ7-4770 ಎರಡೂ ಆ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ 11 ಹಾಕಿಕೊಡುವವರು ಇದ್ದಾರೆ, ಓಡುವುದೂ ಹೌದು. ಹಣಕಾಸು, ಜಿಎಸ್‌ಟಿ ಕೆಲಸದ ಯಂತ್ರಕ್ಕೆ ನಾನು ಅದನ್ನು ಹೇಳುವುದಿಲ್ಲ. ಪೇಜ್‌ಮೇಕರ್ ಓಡಿಸೋಕೆ ಮಾತ್ರ ಬೇಕು ಅಂದರೆ ನೆಟ್ ಕೇಬಲ್ ಕಿತ್ತು ಹಳೇದನ್ನೇ ಇಟ್ಟುಕೊಳ್ಳಿ, ಏನೂ ತೊಂದರೆಯಿಲ್ಲ.

## ಅಂಗಡಿಗೆ ಒಯ್ಯುವಾಗ

"ಸ್ಲೋ ಆಗಿದೆ" ಅಂತ ಮಾತ್ರ ಹೇಳಿದರೆ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ಯಾವ ಕೆಲಸದಲ್ಲಿ, ಎಷ್ಟು ಹೊತ್ತಾದ ಮೇಲೆ, ಬಿಸಿ ಎಷ್ಟು, ವೇಗ ಎಷ್ಟು ಅಂತ ಬರೆದ ಚೀಟಿ ಕೊಡಿ. ಅರ್ಧ ಕೆಲಸ ನೀವೇ ಮಾಡಿದ ಹಾಗೆ. ಫೈಲ್‌ಗಳ ನಕಲು ಮನೆಯಲ್ಲಿಟ್ಟು ಹೋಗಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು ಅನ್ನುವ ಟಾಸ್ಕ್ ಮ್ಯಾನೇಜರ್ ಪುಟದ ಫೋಟೋ ಫೋನಿನಲ್ಲಿರಲಿ. ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ, ಬಿಲ್‌ನಲ್ಲಿ ಹೊಸ ಭಾಗದ ಪೂರ್ತಿ ಹೆಸರು ಬರೆಸಿ. ಬರೀ "ಐ5 ಪ್ರೊಸೆಸರ್" ಅಂತ ಬರೆದರೆ ಒಪ್ಪಬೇಡಿ, ಯಾವ ಐ5 ಅನ್ನುವುದೇ ಮುಖ್ಯ. ಸ್ಟಾಪ್‌ವಾಚ್ ಹಿಡಿದು ಅಳೆದ ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋಗಿ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಒಂದು ಸಲ ಓಡಿಸಿ ನೋಡಿ.